ಉಷ್ಣಸೀಮೆಯ ಷಿರಾಜ್ ದ್ರಾಕ್ಷಾರಸವೂ ಹಳೆಯ ಬಳ್ಳಿಯ ಬೆಲೆಯೂ

ವ್ಯವಸಾಯದಲ್ಲಿ ಸಂಭವಿಸುವ ತಪ್ಪುಗಳು ಎರಡು ಬಗೆಯವು. ರಾಗಿಯನ್ನು ಬಿತ್ತಬೇಕಾದ ಹೊಲಕ್ಕೆ ಜೋಳವನ್ನು ಬಿತ್ತಿದವನು ಮುಂದಿನ ಮಳೆಗಾಲಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳಬಹುದು. ಅಡಕೆ, ತೆಂಗು, ಮಾವು, ದ್ರಾಕ್ಷಿ ಮುಂತಾದ ಬಹುಕಾಲ ಬಾಳುವ ಬೆಳೆಗಳನ್ನು ಒಂದೆರಡು ವರ್ಷಗಳ ಧಾರಣೆಯನ್ನು ನೋಡಿ ಬುಡಸಹಿತ ಕಿತ್ತವನಾದರೋ ಅದನ್ನು ತನ್ನ ಆಯುಷ್ಯದಲ್ಲಿ ತಿದ್ದಲಾರನು. ಒಂದು ನೂರು ವರ್ಷ ವಯಸ್ಸಾದ ಗಿಡವನ್ನು ಪುನಃ ಪಡೆಯಬೇಕಾದರೆ ನೂರು ವರ್ಷ ಕಾಯುವುದೊಂದೇ ಮಾರ್ಗ. ಹಣಕ್ಕಾಗಲಿ ವಿಜ್ಞಾನಕ್ಕಾಗಲಿ ಅದಕ್ಕಿಂತ ಹತ್ತಿರದ ದಾರಿ ಗೊತ್ತಿಲ್ಲ.

ಈ ಮಾತು ಎಲ್ಲರೂ ಒಪ್ಪುವಂಥದೇ ಆದರೂ ಬೆಲೆ ಕುಸಿದ ಕಾಲದಲ್ಲಿ ಬೆಳೆಗಾರರೂ ಮರೆಯುತ್ತಾರೆ, ಸರ್ಕಾರಗಳೂ ಮರೆಯುತ್ತವೆ. ಇದಕ್ಕೆ ದಕ್ಷಿಣ ಆಸ್ಟ್ರೇಲಿಯದ ಷಿರಾಜ್ ಎಂಬ ಕಪ್ಪು ದ್ರಾಕ್ಷಿಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಆ ದ್ರಾಕ್ಷಿಯ ರಸದಿಂದ ತಯಾರಾಗುವ ಮದ್ಯವು ಇಂದು ಪ್ರಪಂಚದ ಬೆಲೆಬಾಳುವ ಪಾನೀಯಗಳಲ್ಲೊಂದು. ಪಾನದ ಗುಣದೋಷಗಳ ವಿಚಾರವು ಈ ಲೇಖನಕ್ಕೆ ಸಂಬಂಧಿಸಿದುದಲ್ಲ. ಅದನ್ನು ಕುಡಿಯುವವರಿಗೂ ಕುಡಿಯದವರಿಗೂ ಇದರಲ್ಲಿ ತಿಳಿಯತಕ್ಕ ವಿಷಯವು ಒಂದೇ. ಆ ರಸದ ಹಿರಿಮೆಯು ಅದರ ಹೆಸರಿನಲ್ಲಿಲ್ಲ, ಕೇವಲ ಬಿಸಿಲಿನಲ್ಲಿಯೂ ಇಲ್ಲ. ಕೀಳದೆ ಉಳಿಸಿಕೊಂಡ ಬೇರುಗಳಲ್ಲಿದೆ ಎಂಬುದೇ ನಮ್ಮ ಅಭಿಪ್ರಾಯ. ಆ ಬೇರುಗಳನ್ನು ಒಂದು ಕಾಲದಲ್ಲಿ ಸರ್ಕಾರವು ಕಾಪಾಡಿತು, ಮತ್ತೊಂದು ಕಾಲದಲ್ಲಿ ಸರ್ಕಾರವೇ ಹಣ ಕೊಟ್ಟು ಕೀಳಿಸಿತು. ಎರಡೂ ಸಂಗತಿಗಳನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಪರ್ಯಾಲೋಚಿಸುವುದು ಯುಕ್ತವೆಂದು ತೋರುತ್ತದೆ.

ಮೊದಲು ಹೆಸರಿನ ವಿಚಾರ. ಷಿರಾಜ್ ಎಂಬುದು ಪಾರಸಿಕ ದೇಶದ ಒಂದು ಪ್ರಸಿದ್ಧ ಪಟ್ಟಣ. ಧರ್ಮಯುದ್ಧದಿಂದ ಹಿಂದಿರುಗಿದ ಯೋಧನೊಬ್ಬನು ಆ ದೇಶದಿಂದ ಈ ಬಳ್ಳಿಯನ್ನು ತಂದು, ಫ್ರಾನ್ಸಿನ ರೋನ್ ನದಿಯ ದಡದಲ್ಲಿರುವ ಹರ್ಮಿಟೇಜ್ ಎಂಬ ಗುಡ್ಡದ ಮೇಲೆ ಸಂನ್ಯಾಸಿಯಾಗಿ ನೆಲೆಸಿ, ಅಲ್ಲಿ ನೆಟ್ಟನೆಂದು ಬಹುಕಾಲದಿಂದ ಒಂದು ಐತಿಹ್ಯವಿತ್ತು. ೧೯೯೮ರಲ್ಲಿ ಅಮೆರಿಕದ ಡೇವಿಸ್ ವಿಶ್ವವಿದ್ಯಾನಿಲಯದ ಮತ್ತು ಫ್ರಾನ್ಸಿನ ಮಾಂಪೆಲಿಯೆಯ ಶಾಸ್ತ್ರಜ್ಞರು ಬಳ್ಳಿಗಳ ವಂಶವಾಹಿಗಳನ್ನು ಪರೀಕ್ಷಿಸಿ ಈ ಕಥೆಗೆ ಆಧಾರವಿಲ್ಲವೆಂದು ತೋರಿಸಿಕೊಟ್ಟರು. ಈ ದ್ರಾಕ್ಷಿಯ ತಾಯಿಯು ಮಾಂದ್ಯೂಸ್ ಬ್ಲಾಂಷ್ ಎಂಬ ಬಿಳಿಯ ಜಾತಿ, ತಂದೆಯು ಡ್ಯೂರೆಜಾ ಎಂಬ ಕಪ್ಪು ಜಾತಿ. ಎರಡೂ ಫ್ರಾನ್ಸಿನ ಆಗ್ನೇಯ ಭಾಗದವು, ಎರಡೂ ಅಷ್ಟೇನೂ ಪ್ರಸಿದ್ಧಿಯಿಲ್ಲದವು. ಫ್ರಾನ್ಸಿನವರು ಇದನ್ನು ಸಿರಾ ಎನ್ನುತ್ತಾರೆ. ಆಸ್ಟ್ರೇಲಿಯದವರು ಷಿರಾಜ್ ಎನ್ನುತ್ತಾರೆ. ಬಳ್ಳಿ ಒಂದೇ. ರಾಜವಂಶದ ಕಥೆಯಿಲ್ಲದೆಯೂ ಒಂದು ಬೆಳೆಯು ಘನತೆಯನ್ನು ಪಡೆಯಬಹುದೆಂಬುದಕ್ಕೆ ಇದೇ ಸಾಕ್ಷಿ.

ಈ ಬಳ್ಳಿಯು ಆಸ್ಟ್ರೇಲಿಯವನ್ನು ಸೇರಿದ ಬಗೆಯೂ ತಿಳಿಯತಕ್ಕದ್ದು. ಜೇಮ್ಸ್ ಬಸ್ಬಿ ಎಂಬಾತನು ೧೮೩೧ರಲ್ಲಿ ಸ್ಪೆಯಿನ್ ಮತ್ತು ಫ್ರಾನ್ಸ್ ದೇಶಗಳ ತೋಟಗಳನ್ನು ಸಂಚರಿಸಿ, ನೂರಾರು ಜಾತಿಯ ದ್ರಾಕ್ಷಿಯ ಕಡ್ಡಿಗಳನ್ನು ಸಂಗ್ರಹಿಸಿ, ಹಡಗಿನಲ್ಲಿ ಸಿಡ್ನಿ ನಗರಕ್ಕೆ ಕಳುಹಿಸಿದನು. ಹರ್ಮಿಟೇಜ್ ಗುಡ್ಡದ ಕಡ್ಡಿಗಳೂ ಅದರಲ್ಲಿದ್ದವು. ಅವುಗಳನ್ನು ೧೮೩೨ರ ನಂತರ ಸಿಡ್ನಿಯ ಸರ್ಕಾರಿ ಸಸ್ಯೋದ್ಯಾನದಲ್ಲಿ ಬೆಳೆಸಲಾಯಿತು. ಅಲ್ಲಿಂದಲೂ ಬೇರೆ ಮೂಲಗಳಿಂದಲೂ ಕಡ್ಡಿಗಳು ವಸಾಹತುಗಳಿಗೆಲ್ಲ ಹರಡಿದುವು. ದಕ್ಷಿಣ ಆಸ್ಟ್ರೇಲಿಯವು ವಸಾಹತಾದುದು ೧೮೩೬ರಲ್ಲಿ. ಪ್ರಷ್ಯದ ದೊರೆಯು ವಿಧಿಸಿದ ಮತವ್ಯವಸ್ಥೆಯನ್ನು ಒಪ್ಪದೆ ದೇಶವನ್ನು ಬಿಟ್ಟ ಲೂಥರನ್ ಪಂಥದ ಜರ್ಮನ್ ಒಕ್ಕಲುಗಳು ೧೮೩೮ರಿಂದ ಅಲ್ಲಿಗೆ ಬಂದು ಇಳಿದರು. ೧೮೪೨ರಲ್ಲಿ ಅವರು ಅಡಿಲೇಡ್ ಪಟ್ಟಣದ ಈಶಾನ್ಯಕ್ಕಿರುವ ಬಾರೋಸ ಕಣಿವೆಯಲ್ಲಿ ಬೆಥನಿ ಎಂಬ ತಮ್ಮ ಮೊದಲನೆಯ ಹಳ್ಳಿಯನ್ನು ಕಟ್ಟಿದರು. ಇವರು ಸಣ್ಣ ಹಿಡುವಳಿದಾರರು, ಮಿತವ್ಯಯಿಗಳು, ಒಮ್ಮೆ ನೆಟ್ಟುದನ್ನು ಸುಲಭವಾಗಿ ಕೀಳುವ ಸ್ವಭಾವದವರಲ್ಲ. ಆ ಕಣಿವೆಯ ಲಾಂಗ್ಮೈಲ್ ಎಂಬಲ್ಲಿ ೧೮೪೩ರಲ್ಲಿ ನೆಟ್ಟವೆಂದು ಎಣಿಸಲ್ಪಡುವ ಷಿರಾಜ್ ಬಳ್ಳಿಗಳು ಇಂದಿಗೂ ಹಣ್ಣು ಕೊಡುತ್ತಿವೆ. ೧೮೪೭ರ ಬಳ್ಳಿಗಳು ಮತ್ತೊಂದು ತೋಟದಲ್ಲಿವೆ. ಪಕ್ಕದ ಈಡನ್ ಕಣಿವೆಯಲ್ಲಿ ಒಂದು ಲೂಥರನ್ ದೇವಾಲಯದ ಎದುರಿಗಿರುವ ಹಿಲ್ ಆಫ್ ಗ್ರೇಸ್ ಎಂಬ ತೋಟದ ಹಿರಿಯ ಬಳ್ಳಿಗಳು ೧೮೬೦ರ ಸುಮಾರಿನವು.

ಇನ್ನು ನೆಲ ಮತ್ತು ಹವೆ. ಬಾರೋಸದಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ೨೦ ಅಂಗುಲ ಮಾತ್ರ. ಅದರಲ್ಲಿ ಬಹುಪಾಲು ಚಳಿಗಾಲದಲ್ಲಿಯೇ ಬೀಳುತ್ತದೆ. ಅಲ್ಲಿಯ ಋತುಗಳು ನಮ್ಮವಕ್ಕೆ ವಿರುದ್ಧವಾದುದರಿಂದ ಜೂನ್‌ನಿಂದ ಆಗಸ್ಟಿನವರೆಗೆ ಚಳಿಗಾಲ. ಆಗ ಬಳ್ಳಿಯು ಎಲೆಯನ್ನೆಲ್ಲ ಉದುರಿಸಿ ನಿದ್ರಿಸುತ್ತದೆ. ಆ ಸಮಯದಲ್ಲಿಯೇ ಚಾಟನಿ ಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ಚಿಗುರು, ನವೆಂಬರಿನಲ್ಲಿ ಹೂವು, ಜನವರಿಯಲ್ಲಿ ಕಾಯಿಗೆ ಬಣ್ಣ, ಫೆಬ್ರವರಿಯಿಂದ ಏಪ್ರಿಲಿನವರೆಗೆ ಕಟಾವು. ಹಣ್ಣು ಮಾಗುವ ಕಾಲವು ಒಣ ಬೇಸಿಗೆ. ಹಗಲಿನ ಶಾಖವು ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ಕೆಲವು ದಿನ ೪೦ನ್ನೂ ಮುಟ್ಟುವುದುಂಟು. ಮಳೆಯಿಲ್ಲದಿರುವುದರಿಂದ ಗೊಂಚಲುಗಳಿಗೆ ಬೂಷ್ಟು ಹಿಡಿಯುವುದು ಕಡಮೆ. ಮೇಲಿನ ಕೆಂಪುಗಂದು ಮಣ್ಣಿನ ಕೆಳಗೆ ಜೇಡಿಯ ಪದರವಿದ್ದು ಅದು ಚಳಿಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಳಕ್ಕೆ ಬೇರು ಬಿಟ್ಟ ಹಳೆಯ ಬಳ್ಳಿಗಳು ಈ ತೇವದಿಂದಲೇ, ನೀರಾವರಿಯಿಲ್ಲದೆ, ಬೇಸಿಗೆಯನ್ನು ಕಳೆಯುತ್ತವೆ.

ಇಂತಹ ಉಷ್ಣಸೀಮೆಯ ಷಿರಾಜ್ ರಸದ ಗುಣವು ಶೀತಸೀಮೆಯದಕ್ಕಿಂತ ಬೇರೆ. ಬಿಸಿಲು ಹೆಚ್ಚಾದಷ್ಟೂ ಹಣ್ಣಿನಲ್ಲಿ ಸಕ್ಕರೆ ಹೆಚ್ಚುತ್ತದೆ, ಹುಳಿ ತಗ್ಗುತ್ತದೆ. ಇದಲ್ಲದೆ ಈ ಜಾತಿಗೆ ಒಂದು ವಿಶೇಷವುಂಟು. ಮಾಗುವಿಕೆಯ ಕೊನೆಯ ಹಂತದಲ್ಲಿ ಇದರ ಹಣ್ಣು ನೀರನ್ನು ಕಳೆದುಕೊಂಡು ಗಿಡದಲ್ಲಿಯೇ ಸ್ವಲ್ಪ ಸುಕ್ಕಾಗುತ್ತದೆ. ಅದರಿಂದ ರಸವು ಮತ್ತಷ್ಟು ಗಟ್ಟಿಯಾಗುತ್ತದೆ. ಒಂದು ಲೀಟರ್ ರಸದಲ್ಲಿರುವ ಸುಮಾರು ೧೭ ಗ್ರಾಂ ಸಕ್ಕರೆಯು ಹುದುಗಿದಾಗ ನೂರಕ್ಕೆ ಒಂದು ಪಾಲು ಮದ್ಯಸಾರವನ್ನು ಕೊಡುತ್ತದೆ. ಆದುದರಿಂದ ಬಾರೋಸದ ಷಿರಾಜ್‌ನಲ್ಲಿ ಮದ್ಯಸಾರವು ನೂರಕ್ಕೆ ೧೪ರಿಂದ ೧೫ ಪಾಲಿನವರೆಗೂ ಇರುವುದು ಸಾಮಾನ್ಯ. ಬಣ್ಣವು ನೇರಳೆಹಣ್ಣಿನಂತೆ ಕಪ್ಪು. ಪರಿಮಳದಲ್ಲಿ ಚೆನ್ನಾಗಿ ಕಳಿತ ಪ್ಲಮ್ ಹಣ್ಣು, ಕೋಕೋ, ಅತಿಮಧುರದ ಬೇರು ಇವುಗಳ ನೆನಪು ಬರುತ್ತದೆ. ಒಗರು ಇದ್ದರೂ ಅದು ನಾಲಗೆಯನ್ನು ಕಚ್ಚದೆ ಮೃದುವಾಗಿರುತ್ತದೆ.

ಶೀತಸೀಮೆಯ ಷಿರಾಜ್‌ನಲ್ಲಿ ಮುಂದಾಗಿ ನಿಲ್ಲುವುದು ಕರಿಮೆಣಸಿನ ಪರಿಮಳ. ಇದು ಕವಿಗಳ ಹೋಲಿಕೆಯಲ್ಲ. ಅಡಿಲೇಡಿನ ಆಸ್ಟ್ರೇಲಿಯನ್ ದ್ರಾಕ್ಷಾರಸ ಸಂಶೋಧನಾಸಂಸ್ಥೆಯವರು ಈ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ದ್ರವ್ಯವನ್ನು ಗುರುತಿಸಿ ೨೦೦೮ರಲ್ಲಿ ಪ್ರಕಟಿಸಿದರು. ನಮ್ಮ ಮಲೆನಾಡಿನ ಮೆಣಸಿಗೆ ಅದರ ವಾಸನೆಯನ್ನು ಕೊಡುವ ದ್ರವ್ಯವೂ ಇದೇ. ಒಂದು ಲೀಟರಿನಲ್ಲಿ ೧೬ ನ್ಯಾನೋಗ್ರಾಮಿನಷ್ಟು, ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಹದಿನಾರು ಪಾಲಿನಷ್ಟು ಇದ್ದರೂ ಮೂಗು ಅದನ್ನು ಹಿಡಿಯುತ್ತದೆ; ಆದರೂ ಐವರಲ್ಲಿ ಒಬ್ಬರಿಗೆ ಸುಮಾರಾಗಿ ಅದು ತಿಳಿಯುವುದೇ ಇಲ್ಲ. ತಂಪು ಹೆಚ್ಚಿದಲ್ಲಿ ಈ ದ್ರವ್ಯವು ಹೆಚ್ಚು, ಬಿಸಿಲು ಹೆಚ್ಚಿದಲ್ಲಿ ಕಡಮೆ. ಹೀಗೆ ಒಂದೇ ಬಳ್ಳಿಯು ನೆಲವನ್ನು ಅನುಸರಿಸಿ ತನ್ನ ಮಾತನ್ನು ಬದಲಾಯಿಸುತ್ತದೆ. ಫ್ರಾನ್ಸಿನ ರಸವನ್ನು ಅಳತೆಗೋಲಾಗಿಟ್ಟುಕೊಂಡು ಬಾರೋಸದ್ದನ್ನು ಒರಟೆಂದು ಹಳಿದವರು ಈ ಸಂಗತಿಯನ್ನು ಲಕ್ಷಿಸಲಿಲ್ಲ.

ಆದರೆ ಬಿಸಿಲೊಂದರಿಂದಲೇ ಒಳ್ಳೆಯ ರಸವಾಗುವುದಾದರೆ ಬಿಸಿಲಿರುವ ಎಲ್ಲ ಸೀಮೆಗಳಲ್ಲಿಯೂ ಆಗಬೇಕಿತ್ತು. ನೀರಾವರಿಯ ಬಲದಿಂದ ಎಕರೆಗೆ ಎಂಟು ಹತ್ತು ಟನ್ ಬೆಳೆಯುವ ಹೊಸ ತೋಟಗಳ ಹಣ್ಣು ಅಗ್ಗದ ರಸಕ್ಕೆ ಮಾತ್ರ ಒದಗುತ್ತದೆ. ಹಳೆಯ ಬಳ್ಳಿಯು ಕೊಡುವುದು ಎಕರೆಗೆ ಒಂದೆರಡು ಟನ್. ಹಣ್ಣು ಚಿಕ್ಕದು, ಚಿಕ್ಕ ಹಣ್ಣಿನಲ್ಲಿ ರಸಕ್ಕಿಂತ ಸಿಪ್ಪೆಯ ಭಾಗವು ಹೆಚ್ಚು, ಬಣ್ಣವೂ ಒಗರೂ ಪರಿಮಳವೂ ಇರುವುದು ಸಿಪ್ಪೆಯಲ್ಲಿ. ತೊಡೆಯ ಗಾತ್ರದ ಹಳೆಯ ಕಾಂಡವು ಆಹಾರವನ್ನು ಕೂಡಿಟ್ಟುಕೊಂಡಿರುತ್ತದೆ. ಆಳದ ಬೇರು ತೇವವನ್ನು ಹುಡುಕಿಕೊಳ್ಳುತ್ತದೆ. ಆದಕಾರಣ ಬರದ ವರ್ಷದಲ್ಲಿ ಎಳೆಯ ಬಳ್ಳಿಯು ಬಾಡಿದರೂ ಹಳೆಯದು ಹದಗೆಡುವುದಿಲ್ಲವೆಂಬುದು ಅಲ್ಲಿಯ ಬೆಳೆಗಾರರ ಅನುಭವ. ವಯಸ್ಸಿನಿಂದಲೇ ಗುಣವು ಬರುತ್ತದೆಂದು ಎಲ್ಲ ಶಾಸ್ತ್ರಜ್ಞರೂ ಒಪ್ಪುವುದಿಲ್ಲ. ಒಳ್ಳೆಯ ನೆಲದಲ್ಲಿದ್ದ ಬಳ್ಳಿಯೇ ಅಷ್ಟು ಕಾಲ ಉಳಿಯಿತೆಂದು ಅವರಲ್ಲಿ ಕೆಲವರು ವಾದಿಸುತ್ತಾರೆ. ಹಾಗೆಂದರೂ ನಮ್ಮ ವಾದಕ್ಕೆ ಕುಂದಿಲ್ಲ. ಯಾವ ನೆಲವು ಯಾವ ಬೆಳೆಗೆ ಒಪ್ಪುತ್ತದೆಂಬುದನ್ನು ನೂರು ವರ್ಷಗಳ ಕಾಲ ಪರೀಕ್ಷಿಸಿ ಬರೆದಿಟ್ಟ ದಾಖಲೆಯೇ ಆ ಬಳ್ಳಿ. ಅದನ್ನು ಕಿತ್ತರೆ ದಾಖಲೆಯನ್ನು ಸುಟ್ಟಂತೆ.

ಈ ಬಳ್ಳಿಗಳು ಉಳಿದುದು ದೈವಯೋಗದಿಂದ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾದ ಹೇನಿನಂಥ ಕೀಟವು ಅಮೆರಿಕದಿಂದ ಯೂರೋಪಿಗೆ ಬಂದು ದ್ರಾಕ್ಷಿಯ ಬೇರುಗಳ ರಸವನ್ನು ಹೀರಿ ಫ್ರಾನ್ಸಿನ ತೋಟಗಳ ಬಹುಭಾಗವನ್ನು ನಾಶಮಾಡಿತು. ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರುಗಿಡಗಳ ಮೇಲೆ ಕಸಿ ಕಟ್ಟುವುದೊಂದೇ ನಿವಾರಣೋಪಾಯವಾಯಿತು. ಆಸ್ಟ್ರೇಲಿಯದಲ್ಲಿ ೧೮೭೭ರಲ್ಲಿ ವಿಕ್ಟೋರಿಯ ಪ್ರಾಂತದ ಜೀಲಾಂಗ್ ಬಳಿ ಅದು ಕಾಣಿಸಿಕೊಂಡಿತು. ನೆರೆಮನೆಗೆ ಬೆಂಕಿ ಬಿದ್ದುದನ್ನು ಕಂಡ ದಕ್ಷಿಣ ಆಸ್ಟ್ರೇಲಿಯದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ೧೮೯೯ರಲ್ಲಿ ಅಲ್ಲಿಯ ಸರ್ಕಾರವು ಫಿಲಾಕ್ಸೆರ ಕಾನೂನನ್ನು ಮಾಡಿ ಒಂದು ಮಂಡಳಿಯನ್ನು ನೇಮಿಸಿತು. ಅದರ ಖರ್ಚಿಗೆ ತೋಟದ ಮಾಲೀಕರು ತಾವೇ ತೆರಿಗೆ ಕೊಟ್ಟರು. ಹೊರಗಿನಿಂದ ಬಳ್ಳಿ, ಕಡ್ಡಿ, ಮಣ್ಣು ಬರುವುದಕ್ಕೆ ಕಟ್ಟುನಿಟ್ಟಾದ ತಡೆಯಾಯಿತು. ಇಂದಿಗೂ ಆ ಪ್ರಾಂತಕ್ಕೆ ಆ ಕೀಟವು ಪ್ರವೇಶಿಸಿಲ್ಲ. ಬೇರೆ ಸೀಮೆಯಿಂದ ಬಂದವರು ತೋಟಕ್ಕೆ ಕಾಲಿಡುವ ಮುನ್ನ ಪಾದರಕ್ಷೆಯನ್ನು ಔಷಧದಲ್ಲಿ ತೊಳೆಯಬೇಕಾಗುತ್ತದೆ; ತೋಟಗಳ ಪಟ್ಟಿಯನ್ನು ಇಂದಿಗೂ ಇಟ್ಟಿದ್ದಾರೆ. ಆದುದರಿಂದಲೇ ಬಾರೋಸದ ಹಳೆಯ ಷಿರಾಜ್ ತನ್ನ ಸ್ವಂತ ಬೇರಿನ ಮೇಲೆ ನಿಂತಿದೆ. ಸರ್ಕಾರ ಮತ್ತು ಒಕ್ಕಲು ಕೂಡಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟುದು ವಿರಳ.

ಎರಡನೆಯ ಕಾನೂನು ಇಷ್ಟು ದೂರದೃಷ್ಟಿಯದಾಗಿರಲಿಲ್ಲ. ೧೯೨೪ರಲ್ಲಿ ಆಸ್ಟ್ರೇಲಿಯದ ಕೇಂದ್ರ ಸರ್ಕಾರವು ದ್ರಾಕ್ಷಾರಸದ ರಫ್ತಿಗೆ ಪ್ರೋತ್ಸಾಹಧನವನ್ನು ಕೊಡಲು ತೊಡಗಿತು. ಅದು ಸಿಕ್ಕುತ್ತಿದ್ದುದು ಮೇಲಿಂದ ಮದ್ಯಸಾರವನ್ನು ಬೆರೆಸಿ ತೀಕ್ಷ್ಣಮಾಡಿದ ರಸಕ್ಕೆ. ಅದರ ಕೊಳ್ಳುಗರು ಇಂಗ್ಲೆಂಡಿನವರು. ಬೆಳೆಗಾರರಿಗೆ ಇದರಿಂದ ಹೊಟ್ಟೆ ತುಂಬಿತೆಂಬುದು ನಿಜ. ಕಷ್ಟಕಾಲದಲ್ಲಿ ಹಣ್ಣಿಗೆ ಗಿರಾಕಿ ದೊರೆತುದರಿಂದ ಬಳ್ಳಿಗಳೂ ಉಳಿದುವು. ಆದರೆ ಹಣ್ಣಿನ ಸೂಕ್ಷ್ಮಗುಣಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಸಕ್ಕರೆ ಎಷ್ಟೆಂಬುದಷ್ಟೇ ಲೆಕ್ಕ. ಹೀಗೆ ಒಂದೆರಡು ತಲೆಮಾರುಗಳ ಕಾಲ, ತಮ್ಮ ತೋಟದ ಷಿರಾಜ್ ನೈಜವಾಗಿ ಏನಾಗಬಲ್ಲುದೆಂಬುದು ಬೆಳೆದವರಲ್ಲಿಯೇ ಬಹುಮಂದಿಗೆ ತಿಳಿಯದೆ ಹೋಯಿತು. ಪ್ರೋತ್ಸಾಹಧನವು ಬೆಳೆಯನ್ನು ಉಳಿಸಬಹುದು. ಅದರ ಕಣ್ಣು ಮಾತ್ರ ಈ ವರ್ಷದ ಗಿರಾಕಿಯ ಮೇಲೆ ನೆಟ್ಟಿರುತ್ತದೆ.

ಅದನ್ನು ತೋರಿಸಿಕೊಟ್ಟವರಲ್ಲಿ ಮ್ಯಾಕ್ಸ್ ಷೂಬರ್ಟ್ ಮುಖ್ಯನಾದವನು. ಬಾರೋಸ ಸೀಮೆಯ ಜರ್ಮನ್ ಮನೆತನದ ಈತನು ೧೯೩೧ರಲ್ಲಿ ಪೆನ್ಫೋಲ್ಡ್ಸ್ ಎಂಬ ದ್ರಾಕ್ಷಾರಸದ ಸಂಸ್ಥೆಯಲ್ಲಿ ಓಲೆಕಾರ ಹುಡುಗನಾಗಿ ಸೇರಿ ಮುಖ್ಯ ತಯಾರಕನಾದನು. ೧೯೫೦ರಲ್ಲಿ ಯೂರೋಪಿನಲ್ಲಿ ಸಂಚರಿಸಿ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ನಲವತ್ತು ಐವತ್ತು ವರ್ಷ ಇಟ್ಟರೂ ಕೆಡದ ರಸವನ್ನು ಕಂಡು, ತನ್ನ ನಾಡಿನ ಷಿರಾಜ್‌ನಿಂದ ಅಂತಹುದನ್ನು ಮಾಡಬೇಕೆಂದು ಸಂಕಲ್ಪಿಸಿದನು. ೧೯೫೧ರಲ್ಲಿ ಮೊದಲನೆಯ ಪ್ರಯೋಗ ನಡೆಯಿತು. ಹಣ್ಣನ್ನು ಜಜ್ಜಿ ಸಿಪ್ಪೆಯ ಸಂಗಡವೇ ಹುದುಗಿಸಿ, ಹುದುಗು ಪೂರ್ಣವಾಗುವ ಮೊದಲೇ ಅಮೆರಿಕದ ಓಕ್ ಮರದ ಹೊಸ ಪೀಪಾಯಿಗಳಿಗೆ ತುಂಬಿದನು. ಅದಕ್ಕೆ ಗ್ರೇಂಜ್ ಎಂದು ಹೆಸರಾಯಿತು. ಎಳೆಯದಾಗಿ ಕುಡಿದವರು ಮೂಗು ಮುರಿದರು. ೧೯೫೭ರಲ್ಲಿ ಇನ್ನು ಇದನ್ನು ಮಾಡಕೂಡದೆಂದು ಯಜಮಾನರಿಂದ ಆಜ್ಞೆ ಬಂದಿತು. ಷೂಬರ್ಟನು ೧೯೫೭, ೧೯೫೮, ೧೯೫೯ ಈ ಮೂರು ಫಸಲುಗಳನ್ನು ಗುಟ್ಟಾಗಿ ತಯಾರಿಸಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟನು. ಅಷ್ಟರಲ್ಲಿ ಮೊದಲಿನ ವರ್ಷಗಳ ರಸವು ಮಾಗಿ ತನ್ನ ಗುಣವನ್ನು ತಾನೇ ಪ್ರಕಟಪಡಿಸಿತು. ೧೯೬೦ರಲ್ಲಿ ಆಜ್ಞೆಯು ರದ್ದಾಯಿತು. ೧೯೫೫ರ ಫಸಲು ೧೯೬೨ರ ಸಿಡ್ನಿಯ ಪ್ರದರ್ಶನದಲ್ಲಿ ಚಿನ್ನದ ಪದಕವನ್ನು ಪಡೆಯಿತು. ಇಂದು ಅದರ ಒಂದು ಸೀಸೆಯ ಬೆಲೆ ಹಲವು ನೂರು ಡಾಲರುಗಳು. ತಾಳಿದವನು ಬಾಳಿಯಾನೆಂಬ ಗಾದೆಯು ಬಳ್ಳಿಗೆ ಸಲ್ಲುವಂತೆ ರಸಕ್ಕೂ ಸಲ್ಲುತ್ತದೆ. ನಾಲ್ಕು ವರ್ಷದ ತೀರ್ಪು ನಲವತ್ತು ವರ್ಷದ ವಸ್ತುವಿಗೆ ಸಾಲದು.

ಈಗ ಮೂರನೆಯ ಸಂಗತಿ. ೧೯೭೦ರ ದಶಕದಲ್ಲಿ ಆಸ್ಟ್ರೇಲಿಯದ ಜನರ ರುಚಿಯು ಬಿಳಿಯ ದ್ರಾಕ್ಷಾರಸದ ಕಡೆಗೆ ತಿರುಗಿತು. ಕೆಂಪು ಹಣ್ಣು ಕೇಳುವವರಿಲ್ಲದೆ ಗಿಡದಲ್ಲಿಯೇ ಉಳಿಯಿತು. ಆ ದಶಕದ ಕೊನೆಯಲ್ಲಿ ಬಾರೋಸದ ಒಂದು ರಸಶಾಲೆಯ ಒಡೆಯರು ಒಕ್ಕಲುಗಳಿಂದ ಹಣ್ಣು ಕೊಳ್ಳಬಾರದೆಂದು ಕಟ್ಟುಮಾಡಿದಾಗ, ಅಲ್ಲಿಯ ಅಧಿಕಾರಿಯಾಗಿದ್ದ ಪೀಟರ್ ಲೇಮನ್ ಎಂಬಾತನು ತಾನು ಕೊಟ್ಟ ಮಾತಿಗೆ ತಪ್ಪಲಾರೆನೆಂದು ಆ ಕೆಲಸವನ್ನು ಬಿಟ್ಟು, ಬೇರೆಯಾಗಿ ರಸಶಾಲೆಯನ್ನು ಕಟ್ಟಿಸಿ, ೧೯೮೦ರ ಫಸಲಿನಿಂದ ಆ ಒಕ್ಕಲುಗಳ ಹಣ್ಣನ್ನು ಕೊಂಡನು. ಒಬ್ಬನ ಕೈಯಲ್ಲಿ ಆಗುವುದು ಎಷ್ಟು? ೧೯೮೫ರಲ್ಲಿ ಕೇಂದ್ರ ಸರ್ಕಾರವೂ ಪ್ರಾಂತ ಸರ್ಕಾರವೂ ಕೂಡಿ, ಬಳ್ಳಿಯನ್ನು ಕಿತ್ತುಹಾಕಿದವರಿಗೆ ಎಕರೆವಾರು ಹಣ ಕೊಡುವ ಯೋಜನೆಯನ್ನು ಜಾರಿಗೆ ತಂದುವು. ಒಕ್ಕಲುಗಳು ಸಾಲದಲ್ಲಿದ್ದರು, ಕೊಡುವ ಹಣ ಕೈಯಳತೆಯಲ್ಲಿತ್ತು. ಮೊದಲು ಕೊಡಲಿಗೆ ಸಿಕ್ಕಿದುವು ಎಕರೆಗೆ ಕಡಮೆ ಹುಟ್ಟುವಳಿಯ ತಾಕುಗಳು, ಎಂದರೆ ಅತ್ಯಂತ ಹಳೆಯವು. ಒಂದು ಹೇನಿನ ಬಾಯಿಂದ ೧೮೯೯ರ ಕಾನೂನು ಯಾವುದನ್ನು ಉಳಿಸಿತೋ ಅದನ್ನು ೧೯೮೫ರ ಯೋಜನೆಯು ಹಣ ಕೊಟ್ಟು ಕೀಳಿಸಿತು. ಈ ಯೋಜನೆಯನ್ನು ಮಾಡಿದವರು ದುರುದ್ದೇಶದವರಲ್ಲ, ಅಂಕಿಗಳನ್ನು ಓದಿದವರೇ. ಆದರೆ ಅವರ ಪಟ್ಟಿಯಲ್ಲಿ ಎಕರೆಯಿತ್ತು, ಟನ್ನಿತ್ತು, ಧಾರಣೆಯಿತ್ತು. ವಯಸ್ಸಿಗೆ ಒಂದು ಕಲಮಿರಲಿಲ್ಲ.

ಮುಂದೆ ಹತ್ತು ವರ್ಷಗಳೊಳಗೆ ಗಾಳಿ ತಿರುಗಿತು. ೧೯೯೦ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಬಾರೋಸದ ಹಳೆಯ ಬಳ್ಳಿಯ ಷಿರಾಜ್ ಬೇಕೆಂದು ಜನರು ಅರಸಿಕೊಂಡು ಬಂದರು. ಉಳಿಸಿಕೊಂಡವರಿಗೆ ಒಳ್ಳೆಯ ಬೆಲೆ ಸಿಕ್ಕಿತು. ಕಿತ್ತವರು ಎಳೆಯ ಸಸಿಗಳನ್ನು ನೆಡಲು ತೊಡಗಿದರು. ಆಸ್ಟ್ರೇಲಿಯದಲ್ಲಿ ಷಿರಾಜ್ ಬಳ್ಳಿಯಿರುವ ಭೂಮಿಯು ೨೦೧೫ರ ಹೊತ್ತಿಗೆ ಸುಮಾರು ೪೦,೦೦೦ ಹೆಕ್ಟೇರು, ಎಂದರೆ ಒಂದು ಲಕ್ಷ ಎಕರೆಯ ಸಮೀಪಕ್ಕೆ ಬಂದಿತು. ೨೦೦೯ರಲ್ಲಿ ಬಾರೋಸದವರು ಬಳ್ಳಿಗಳ ವಯಸ್ಸಿಗೆ ಒಂದು ಶ್ರೇಣಿಯನ್ನು ಏರ್ಪಡಿಸಿದರು. ೩೫ ವರ್ಷ ಮೀರಿದುದು ಹಳೆಯ ಬಳ್ಳಿ. ೭೦ ಮೀರಿದುದು ಬದುಕುಳಿದ ಬಳ್ಳಿ. ೧೦೦ ಮೀರಿದುದು ಶತಾಯು. ೧೨೫ ಮೀರಿದುದು ಪೂರ್ವಜ. ಪಟ್ಟಿಯಲ್ಲಿ ವಯಸ್ಸಿನ ಕಲಮು ಬಂದಿತು. ಆದರೆ ತಡವಾಗಿ ಬಂದಿತು.

ಇದಕ್ಕೆ ಎದುರಾಗಿ ಹೇಳತಕ್ಕ ಮಾತುಗಳೂ ಉಂಟು. ಅಪ್ಪ ನೆಟ್ಟ ಆಲದಮರವೆಂದು ಅದಕ್ಕೆ ನೇಣು ಹಾಕಿಕೊಳ್ಳಬೇಕೇ ಎಂದು ಕೇಳುವವರ ಪ್ರಶ್ನೆಯು ನ್ಯಾಯವಾದುದೇ. ಸಾಲಗಾರನಿಗೆ ಚರಿತ್ರೆಯಿಂದ ಊಟ ಬರುವುದಿಲ್ಲ. ಇದಲ್ಲದೆ ಬೆಲೆಯು ಏರಿದ ಕಾಲದಲ್ಲಿಯೂ ಅತಿಯು ಕಾಣಿಸಿಕೊಂಡಿತು. ಹಣ್ಣನ್ನು ಮಿತಿಮೀರಿ ಮಾಗಿಸಿ, ಮದ್ಯಸಾರವನ್ನು ಹೆಚ್ಚಿಸಿ, ಓಕಿನ ವಾಸನೆಯನ್ನು ತುಂಬಿ, ರಸವನ್ನು ಪಾಕದಂತೆ ಮಾಡಿದವರಿದ್ದರು; ಜನಕ್ಕೆ ಅದೂ ಬೇಸರವಾಯಿತು. ಹೊಸ ತೋಟಗಳನ್ನು ನೀರಾವರಿಯ ಸೀಮೆಗಳಲ್ಲಿ ಲೆಕ್ಕವಿಲ್ಲದೆ ನೆಟ್ಟರು. ಚೀನ ದೇಶವು ದೊಡ್ಡ ಗಿರಾಕಿಯಾಯಿತು. ಅಲ್ಲಿಯ ಸರ್ಕಾರವು ೨೦೨೦ರ ಕೊನೆಯಲ್ಲಿ ಆಸ್ಟ್ರೇಲಿಯದ ದ್ರಾಕ್ಷಾರಸದ ಮೇಲೆ ಭಾರಿಯಾದ ಸುಂಕವನ್ನು ಹಾಕಿತು. ೨೦೨೧ರಲ್ಲಿ ನಿಗದಿಯಾದ ದರವು ನೂರಕ್ಕೆ ಇನ್ನೂರನ್ನೂ ಮೀರುವಷ್ಟಾಯಿತು. ೨೦೨೪ರ ಮಾರ್ಚಿನಲ್ಲಿ ಅದನ್ನು ತೆಗೆದರೂ ನಡುವಣ ವರ್ಷಗಳಲ್ಲಿ ಕೆಂಪು ರಸವು ತೊಟ್ಟಿಗಳಲ್ಲಿ ಉಳಿದು ಧಾರಣೆಯು ಕುಸಿಯಿತು. ಬಳ್ಳಿ ಕೀಳುವ ಮಾತು ಅಲ್ಲಿ ಪುನಃ ಕೇಳಿಬಂದಿತು, ಕೀಳುವ ಕೆಲಸವೂ ನಡೆಯಿತು.

ಎಲ್ಲ ಬಳ್ಳಿಯನ್ನೂ ಎಂದೆಂದಿಗೂ ಉಳಿಸಬೇಕೆಂಬುದು ನಮ್ಮ ವಾದವಲ್ಲ. ಬೆಲೆಯೇರಿದ ಕಾಲದಲ್ಲಿ ಒಪ್ಪದ ನೆಲದಲ್ಲಿ ನೆಟ್ಟ ಇಪ್ಪತ್ತು ಮೂವತ್ತು ವರ್ಷದ ಬಳ್ಳಿಯನ್ನು ಕಿತ್ತು ಬೇರೆ ಬೆಳೆಯಿಡುವುದು ವಿವೇಕ. ಅದನ್ನು ಬೇಕಾದಾಗ ಮತ್ತೆ ನೆಡಬಹುದು. ನೂರು ವರ್ಷದ ಬಳ್ಳಿಯನ್ನು ಮತ್ತೆ ನೆಡಲಾಗದು. ಎರಡಕ್ಕೂ ಎಕರೆಗೆ ಒಂದೇ ದರವನ್ನು ಕಟ್ಟುವ ಯೋಜನೆಯು ನೋಟಕ್ಕೆ ಸಮದೃಷ್ಟಿಯದಾಗಿ ಕಂಡರೂ ಫಲದಲ್ಲಿ ಹಳೆಯದರ ವಿನಾಶಕ್ಕೇ ಕಾರಣವಾಗುತ್ತದೆ. ಏಕೆಂದರೆ ಕಡಮೆ ಹುಟ್ಟುವಳಿಯವನೇ ಮೊದಲು ಮುಂದೆ ಬರುತ್ತಾನೆ.

ಆದುದರಿಂದ ಮೂರು ವಿಷಯಗಳನ್ನು ಒತ್ತಿ ಹೇಳಬೇಕಾಗಿದೆ. ಮೊದಲನೆಯದು, ರೋಗದಿಂದಲೂ ಕೀಟದಿಂದಲೂ ಬೇರನ್ನು ಕಾಪಾಡುವುದರಲ್ಲಿ ಸರ್ಕಾರವು ಹಣವನ್ನು ಕೊಡುಗೈಯಿಂದ ಖರ್ಚುಮಾಡತಕ್ಕದ್ದು. ಆ ಕೆಲಸವನ್ನು ಒಬ್ಬೊಬ್ಬ ಮಾಲೀಕನು ತಾನಾಗಿ ಮಾಡಿಕೊಳ್ಳಲಾರನು. ಎರಡನೆಯದು, ಬೆಲೆ ಕುಸಿದ ಕಾಲದಲ್ಲಿ ಕೀಳುವುದಕ್ಕೆ ಸಹಾಯಧನವನ್ನು ಕೊಡಲೇಬೇಕಾದರೆ, ವಯಸ್ಸಿನ ಪಟ್ಟಿಯು ಮೊದಲು ಸಿದ್ಧವಾಗಲಿ. ಒಂದು ಮಿತಿಯನ್ನು ಮೀರಿದ ಗಿಡಗಳಿಗೆ ಕೀಳುವ ಹಣಕ್ಕೆ ಬದಲಾಗಿ, ಕಷ್ಟದ ನಾಲ್ಕಾರು ವರ್ಷಗಳ ಕಾಲ ಉಳಿಸಿಕೊಳ್ಳುವ ಹಣವು ಸಲ್ಲಲಿ. ಮೂರನೆಯದು ಭೂಮಾಲೀಕರಿಗೆ ಸೇರಿದುದು. ಕೀಳುವುದು ನಿಶ್ಚಯವಾದರೂ ಒಂದು ಸಾಲನ್ನು ಬಿಟ್ಟು ಕೀಳಿರಿ. ಕಡ್ಡಿಗಳನ್ನು ತೆಗೆದು ಬೇರೆಡೆ ನೆಡಿಸಿರಿ. ಬಾರೋಸದಲ್ಲಿ ಹೊಸದಾಗಿ ನೆಟ್ಟ ಎಷ್ಟೋ ತೋಟಗಳಿಗೆ ಕಡ್ಡಿ ಬಂದುದು ಅಂದು ಕೊಡಲಿಗೆ ತಪ್ಪಿಸಿಕೊಂಡ ಹಳೆಯ ತಾಕುಗಳಿಂದಲೇ.

ನಮ್ಮ ನಾಡಿಗೂ ಈ ವಿಚಾರಕ್ಕೂ ಸಂಬಂಧವಿಲ್ಲದಿಲ್ಲ. ಕರ್ನಾಟಕ ಸರ್ಕಾರವು ೨೦೦೭ರಲ್ಲಿ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ನಂದಿಬೆಟ್ಟದ ಸುತ್ತಣ ಸೀಮೆಯಲ್ಲಿ ಷಿರಾಜ್ ಬೆಳೆದು ರಸವನ್ನು ತೆಗೆಯುತ್ತಿದ್ದಾರೆ. ಆದರೆ ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ; ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಿ, ಮಳೆ ನಿಂತ ಮೇಲೆ ಒಂದು ಫಸಲನ್ನು ಪಡೆಯಬೇಕು. ಬಾರೋಸದ ಗುಣವನ್ನು ಇಲ್ಲಿ ಅಪೇಕ್ಷಿಸುವುದು ಸರಿಯಲ್ಲ. ಈ ನೆಲವು ಆ ಬಳ್ಳಿಯಿಂದ ಏನನ್ನು ಹೇಳಿಸುತ್ತದೆಂಬುದನ್ನು ತಿಳಿಯಲು ಕಾಲ ಬೇಕು. ಅದೇ ಸೀಮೆಯಲ್ಲಿ ತಲೆಮಾರುಗಳಿಂದ ಬೆಳೆದುಬಂದ ಬೆಂಗಳೂರು ನೀಲಿ ದ್ರಾಕ್ಷಿಗೆ ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಮನ್ನಣೆಯ ಪತ್ರವು ಹೆಸರನ್ನು ಕಾಯುತ್ತದೆ. ಬಳ್ಳಿಯನ್ನು ಕಾಯಬೇಕಾದವರು ಮಾಲೀಕರು.

ಗ್ರಾಮದ ಮುಖಂಡರಿಗೆ ನಮ್ಮ ಬಿನ್ನಹವು ಇಷ್ಟೆ. ತಮ್ಮ ತಮ್ಮ ಊರಿನಲ್ಲಿ ಐವತ್ತು ವರ್ಷ ಮೀರಿದ ದ್ರಾಕ್ಷಿ, ಮಾವು, ಹಲಸು, ಹುಣಿಸೆ ಮುಂತಾದವು ಯಾವ ಯಾವ ಜಮೀನಿನಲ್ಲಿವೆ, ಯಾರು ನೆಟ್ಟವು, ಅವುಗಳ ಗುಣವೇನು ಎಂಬುದನ್ನು ಹಿರಿಯರನ್ನು ವಿಚಾರಿಸಿ ಒಂದು ಪುಸ್ತಕದಲ್ಲಿ ಬರೆಯಿಸಿಡತಕ್ಕದ್ದು. ಇದಕ್ಕೆ ಆಗುವ ಖರ್ಚು ಒಂದು ಪುಸ್ತಕದ ಬೆಲೆ. ಮುಂದೆ ಎಂದಾದರೂ ಧಾರಣೆ ಕುಸಿದು ಕೊಡಲಿ ಎತ್ತಬೇಕಾಗಿ ಬಂದ ದಿನ, ಯಾವುದನ್ನು ಕಡಿಯಬಹುದು, ಯಾವುದನ್ನು ಕಡಿಯಬಾರದು ಎಂಬುದನ್ನು ತಿಳಿಯಲು ಆ ಪುಸ್ತಕವು ಇರುತ್ತದೆ. ೧೯೮೫ರಲ್ಲಿ ಬಾರೋಸದವರ ಬಳಿ ಇಲ್ಲದಿದ್ದುದು ಅದೇ.